ನಿಮಗಿದು ಗೊತ್ತೇ? 5 ಅಡಿ 3 ಇಂಚಿನ ಮಗ್ಸಿ ಬೋಗ್ಸ್

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಇದುವರೆಗೆ ಆಡಿದವರ ಪೈಕಿ ಅತ್ಯಂತ ಕುಳ್ಳ ಆಟಗಾರ ಟೈರೋನ್ ‘ಮಗ್ಸಿ’ ಬೋಗ್ಸ್. ಎತ್ತರ 5 ಅಡಿ 3 ಇಂಚು. ಚೆಂಡು ಹಾಕಬೇಕಾದ ರಿಂಗ್ ಇರುವುದು ನೆಲದಿಂದ 10 ಅಡಿ ಮೇಲೆ! ಆದರೂ ಈ ಪಾಯಿಂಟ್ ಗಾರ್ಡ್ 1987ರಿಂದ 2001ರವರೆಗೆ 14 ಋತುಗಳಲ್ಲಿ 889 ಪಂದ್ಯ ಆಡಿದರು.

ಹುಟ್ಟಿದ್ದು 1965ರಲ್ಲಿ, ಬಾಲ್ಟಿಮೋರ್‌ನ ಬಡವರ ಬಡಾವಣೆಯಲ್ಲಿ. ಐದು ವರ್ಷದವರಿದ್ದಾಗ ಬೀದಿಯಲ್ಲಿ ಯಾರೋ ಹಾರಿಸಿದ ಬಂದೂಕಿನ ಚರೆಗಳು ಮೈಗೆ ಹೊಕ್ಕಿದ್ದವು.

ಅವರು ಆಡಿದ ಡನ್‌ಬಾರ್ ಹೈಸ್ಕೂಲ್ ತಂಡ 1981ರಿಂದ 1983ರವರೆಗೆ ಎರಡು ಋತುಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಸೋಲಲಿಲ್ಲ. ಆ ಶಾಲೆಯ ಮೂವರು ಗೆಳೆಯರು (ಬೋಗ್ಸ್, ರೆಗ್ಗಿ ವಿಲಿಯಮ್ಸ್, ರೆಗ್ಗಿ ಲೂಯಿಸ್) 1987ರ ಎನ್‌ಬಿಎ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಒಂದೇ ಸರ್ಕಾರಿ ಶಾಲೆ, ಒಂದೇ ವರ್ಷ!

1986ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 87–85ರಿಂದ ಮಣಿಸಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲೂ ಬೋಗ್ಸ್ ಇದ್ದರು.

ಮೊದಲ ವರ್ಷ ವಾಷಿಂಗ್ಟನ್ ಬುಲೆಟ್ಸ್ ತಂಡದಲ್ಲಿ ಅವರ ಜೊತೆಗಾರ ಸುಡಾನ್ ಮೂಲದ ಮನೂಟ್ ಬೋಲ್. ಎತ್ತರ 7 ಅಡಿ 7 ಇಂಚು. ಒಂದೇ ತಂಡದ ಇಬ್ಬರ ನಡುವೆ 2 ಅಡಿ 4 ಇಂಚಿನ ಅಂತರ!

ಬೋಗ್ಸ್ ಗೆದ್ದದ್ದು ಕುಳ್ಳಗಿದ್ದರೂ ಅಲ್ಲ, ಕುಳ್ಳಗಿದ್ದದ್ದರಿಂದಲೇ ಎಂದು ನಾನು ನಂಬಿದ್ದೇನೆ. ಎತ್ತರದ ಆಟಗಾರ ಡ್ರಿಬಲ್ ಮಾಡುವಾಗ ಚೆಂಡು ನೆಲ ಮುಟ್ಟಿ ಕೈಗೆ ಮರಳಲು ಹೆಚ್ಚು ದೂರ ಸಾಗಬೇಕು. ಆ ಕ್ಷಣದಲ್ಲಿ ಅವರ ಕೈ ಅದನ್ನು ಕಸಿದಿರುತ್ತಿತ್ತು. ಹೀಗೆ ಅವರು ಗಳಿಸಿದ ಸ್ಟೀಲ್‌ಗಳು 1,369. ಅವರ ಚೆಂಡೋ ಮೊಣಕಾಲಿನ ಕೆಳಗೇ ಪುಟಿಯುತ್ತಿತ್ತು. ಕಸಿಯಬೇಕೆಂದರೆ ಆರೂವರೆ ಅಡಿಯ ಆಳು ಸೊಂಟ ಬಗ್ಗಿಸಬೇಕು, ಬಗ್ಗುವಷ್ಟರಲ್ಲಿ ಪಾಸ್ ಹೋಗಿರುತ್ತಿತ್ತು. ವೃತ್ತಿಜೀವನದಲ್ಲಿ 6,726 ಅಸಿಸ್ಟ್! ಅವರು ಒಮ್ಮೆ ಚೆಂಡು ಕಳೆದುಕೊಳ್ಳುವಷ್ಟರಲ್ಲಿ ಸಹ ಆಟಗಾರರಿಗೆ ನಾಲ್ಕಕ್ಕೂ ಹೆಚ್ಚು ಬಾರಿ ಅಂಕದ ದಾರಿ ಮಾಡಿಕೊಟ್ಟಿರುತ್ತಿದ್ದರು. ಅಂಕಪಟ್ಟಿಯ ಮೇಲ್ಸಾಲಷ್ಟೇ ನೋಡುವವರಿಗೆ ಈ ಹಿರಿಮೆ ಕಾಣುವುದಿಲ್ಲ.

1988ರಲ್ಲಿ ಹೊಸದಾಗಿ ಹುಟ್ಟಿದ ಷಾರ್ಲೆಟ್ ಹಾರ್ನೆಟ್ಸ್ ತಂಡಕ್ಕೆ ವಾಷಿಂಗ್ಟನ್ ಅವರನ್ನು ಬಿಟ್ಟುಕೊಟ್ಟಿತು. ವಾಷಿಂಗ್ಟನ್‌ಗೆ ಅದು ನಷ್ಟವೇ ಸರಿ. 1989–90ರಲ್ಲಿ ಪಂದ್ಯಕ್ಕೆ ಸರಾಸರಿ 10.7 ಅಸಿಸ್ಟ್ ಕೊಟ್ಟ ಬೋಗ್ಸ್, ಷಾರ್ಲೆಟ್ ಜನರ ಕಣ್ಮಣಿಯಾದರು. ಅಲ್ಲಿ ಅವರ ಜೊತೆ ಆಡಿದ ಡೆಲ್ ಕರಿ, ಇಂದಿನ ತಾರೆ ಸ್ಟೀಫನ್ ಕರಿಯ ತಂದೆ.

1996ರ ‘ಸ್ಪೇಸ್ ಜ್ಯಾಮ್’ ಸಿನಿಮಾದಲ್ಲಿ ಅನ್ಯಗ್ರಹದ ಜೀವಿಗಳು ಐವರು ಎನ್‌ಬಿಎ ಆಟಗಾರರ ಪ್ರತಿಭೆ ಕದಿಯುತ್ತವೆ. ಐವರಲ್ಲಿ ಬೋಗ್ಸ್ ಒಬ್ಬರು. ನಿವೃತ್ತಿಯ ನಂತರ 2005ರಲ್ಲಿ ಮಹಿಳೆಯರ ಷಾರ್ಲೆಟ್ ಸ್ಟಿಂಗ್ ತಂಡಕ್ಕೆ ಕೋಚ್ ಆದರು.

ಇನ್ನೊಂದು ಸಂಗತಿ ಹೇಳದಿದ್ದರೆ ಅನ್ಯಾಯವಾದೀತು. 1993ರ ಏಪ್ರಿಲ್ 14ರಂದು ನ್ಯೂಯಾರ್ಕ್ ನಿಕ್ಸ್ ತಂಡದ 7 ಅಡಿ ಎತ್ತರದ ಪ್ಯಾಟ್ರಿಕ್ ಯೂಯಿಂಗ್ ಅವರ ಶಾಟನ್ನು ಬೋಗ್ಸ್ ತಡೆದು ಬ್ಲಾಕ್ ಗಳಿಸಿದರು! ತಂಡದ ಆಯ್ಕೆಯಲ್ಲಿ ಎತ್ತರ ಸಾಲದೆಂದು ಹಿಂದೆ ಉಳಿದ ಮಗುವೇನಾದರೂ ನಿಮ್ಮ ಮನೆಯಲ್ಲಿದ್ದರೆ, ಬೋಗ್ಸ್ ಆಟದ ವಿಡಿಯೊಗಳನ್ನು ಹುಡುಕಿ ತೋರಿಸಿ.