ಬೇಲಿಯ ಬೆರ್ರಿಗೂ ಬೆಲೆ ಕೊಡಿ

ಸೂಪರ್ ಮಾರ್ಕೆಟ್ಟಿಗೆ ಹೋದಾಗ ಫ್ರಿಜ್‌ನಲ್ಲಿ ಸಾಲಾಗಿ ಜೋಡಿಸಿಟ್ಟ ಬ್ಲೂಬೆರ್ರಿ, ಸ್ಟ್ರಾಬೆರ್ರಿ ಡಬ್ಬಿಗಳನ್ನು ನೀವೂ ನೋಡಿರುತ್ತೀರಿ. ಮಕ್ಕಳು ಬೇಕೇ ಬೇಕು ಅಂತ ಹಟ ಹಿಡಿಯುತ್ತಾರೆ. ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ! 'ಆರೋಗ್ಯಕ್ಕೆ ಒಳ್ಳೇದಂತೆ, ಆದರೆ ನಮ್ಮಂಥವರಿಗಲ್ಲ' ಎಂದುಕೊಂಡು ಮುಂದೆ ಹೋಗುತ್ತೀರಿ. ಒಂದು ನಿಮಿಷ ನಿಲ್ಲಿ. ಹೊರಗೆ ಫುಟ್‌ಪಾತ್ ಮೇಲೆ ಬುಟ್ಟಿ ಇಟ್ಟುಕೊಂಡ ಅಜ್ಜಿ ಪಾವಿನಲ್ಲಿ ಅಳೆದು ಕೊಡುವುದೂ ಬೆರ್ರಿಯೇ! ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಯಾವುದು ಬೆರ್ರಿ?

ಹೂವಿನ ಒಂದೇ ಅಂಡಾಶಯ ಬೆಳೆದು, ಮೆತ್ತನೆಯ ತಿರುಳಿನೊಳಗೆ ಬೀಜ ಇರುವ ಹಣ್ಣನ್ನು ಸಸ್ಯಶಾಸ್ತ್ರ ಬೆರ್ರಿ ಎನ್ನುತ್ತದೆ. ಆ ಲೆಕ್ಕದಲ್ಲಿ ದ್ರಾಕ್ಷಿ, ಟೊಮೆಟೊ, ಬಾಳೆಹಣ್ಣು, ಬದನೆಕಾಯಿ ಎಲ್ಲವೂ ಬೆರ್ರಿಗಳೇ. ತಮಾಷೆ ಎಂದರೆ ಸ್ಟ್ರಾಬೆರ್ರಿ ಬೆರ್ರಿಯಲ್ಲ. ಅದರ ಕೆಂಪು ತಿರುಳು ಹೂವಿನ ಪೀಠ ಉಬ್ಬಿ ಆದದ್ದು. ಮೈಮೇಲೆ ಬೀಜದಂತೆ ಕಾಣುವ ಚುಕ್ಕೆಗಳೇ ಅದರ ನಿಜವಾದ ಹಣ್ಣುಗಳು!

ನಮ್ಮ ನೇರಳೆ, ಕವಳೆ, ಕಾಕಿಹಣ್ಣುಗಳು ಮಾತ್ರ ಅಪ್ಪಟ ಬೆರ್ರಿಗಳು. ಎಲಚಿ ಎನ್ನಿ, ಬೋರೆ ಎನ್ನಿ, ಬಾರೆ ಎನ್ನಿ, ಆ ಹಣ್ಣಿಗೆ ಗಟ್ಟಿ ಬೀಜವಿರುವುದರಿಂದ ಶಾಸ್ತ್ರಕ್ಕೆ ಸೇರುವುದಿಲ್ಲ, ನಾಲಿಗೆಗೆ ಸೇರುತ್ತದೆ. ಬ್ಲೂಬೆರ್ರಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ಅಂಶವೇ ನೇರಳೆಹಣ್ಣಿಗೂ ಬಣ್ಣ ಕೊಡುತ್ತದೆ. ಇನ್ನೊಂದು ಗುಟ್ಟು: ಬೇಕರಿ ಕೇಕಿನ ಮೇಲೆ, ಬೀಡಾದ ಮೇಲೆ ಕೂರುವ ಕೆಂಪು 'ಚೆರ್ರಿ' ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಅದ್ದಿ, ಬಣ್ಣ ಹಾಕಿದ ನಮ್ಮ ಕವಳೆಕಾಯಿಯೇ!

ಬೇಲಿ ಹೋದರೆ ಹಣ್ಣೂ ಹೋಯಿತು

ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳ ಎಂದು ಹೆಸರಾದ ಊರು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಪ್ರತಿ ಫೆಬ್ರವರಿಯಲ್ಲಿ ಜಯಂತಿಗೆಂದು ಅಲ್ಲಿಗೆ ಹೋಗುವವರು ದಾರಿಯ ಎರಡೂ ಕಡೆ ಕಣ್ಣು ಹಾಯಿಸಿ ನೋಡಿ. ಮೆಕ್ಕೆಜೋಳದ ಹೊಲ, ಅಡಿಕೆ ತೋಟ, ಅವುಗಳ ಸುತ್ತ ಕಲ್ಲುಕಂಬ, ತಂತಿ. ಹಿಂದೆ ಹೊಲಕ್ಕೆ ಮುಳ್ಳುಗಿಡಗಳೇ ಕಾವಲು. ಕವಳೆ, ಕಾರೆ, ಬಾರೆ ಇರುವ ಬೇಲಿಗೆ ದನ ನುಗ್ಗುತ್ತಿರಲಿಲ್ಲ, ಯಾರೂ ನೀರು ಹಾಕಬೇಕಿರಲಿಲ್ಲ. ದಾರಿಹೋಕರಿಗೆ, ಹಕ್ಕಿಗಳಿಗೆ, ಶಾಲೆ ಬಿಟ್ಟ ಮಕ್ಕಳಿಗೆ ಪುಕ್ಕಟೆ ಹಣ್ಣು. ತಂತಿಬೇಲಿ ದನವನ್ನು ತಡೆಯುತ್ತದೆ, ಹಣ್ಣು ಬಿಡುವುದಿಲ್ಲ! ಕೊಳ್ಳುವವರೇ ಇಲ್ಲದಿದ್ದರೆ ಬೇಲಿಗಿಡವನ್ನು ಯಾರು ತಾನೇ ಉಳಿಸುತ್ತಾರೆ? ಅದಕ್ಕೇ ನಾವು ತಿನ್ನಬೇಕು.

ಹೀಗೆ ತಿನ್ನಿ

* ಬಾರೆಹಣ್ಣು: ಚಳಿಗಾಲದ ಹಣ್ಣು. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಎರೆಯುವುದು ಇದನ್ನೇ. ಒಳಗೆ ಹುಳ ಇರಬಹುದು, ಬಿಡಿಸಿ ನೋಡಿ ತಿನ್ನಿ. ಹೆಚ್ಚಾದರೆ ಬೀಜ ತೆಗೆದು ಬೆಲ್ಲ, ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿ, ಪುಟ್ಟ ವಡೆ ತಟ್ಟಿ ಬಿಸಿಲಿಗಿಡಿ.

* ಕವಳೆ: ಬೇಸಿಗೆಯಲ್ಲಿ ಕಾಯಿ ಬರುತ್ತದೆ. ಕತ್ತರಿಸಿದರೆ ಅಂಟು ಹಾಲು ಒಸರುತ್ತದೆ, ಕೈಗೆ ಎಣ್ಣೆ ಸವರಿಕೊಳ್ಳಿ. ಎರಡು ಹೋಳು ಮಾಡಿ ಬೀಜ ತೆಗೆದು, ಉಪ್ಪಿನಲ್ಲಿ ಎರಡು ದಿನ ಇಟ್ಟು, ಸಾಸಿವೆ, ಮೆಂತ್ಯ, ಖಾರದಪುಡಿ ಬೆರೆಸಿ ಇಂಗಿನ ಒಗ್ಗರಣೆ ಕೊಟ್ಟರೆ ಉಪ್ಪಿನಕಾಯಿ ರೆಡಿ. ಮಾವಿನಕಾಯಿ ಬದಲು ಚಿತ್ರಾನ್ನಕ್ಕೂ ಹಾಕಿ ನೋಡಿ.

* ನೇರಳೆ: ಮುಂಗಾರಿನ ಹೊತ್ತಿನ ಹಣ್ಣು. ಉಪ್ಪುನೀರಿನಲ್ಲಿ ತೊಳೆದು ತಿನ್ನಿ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ಮಾತಿದೆ, ಹಾಗಂತ ಮಾತ್ರೆ ಮಾತ್ರ ನಿಲ್ಲಿಸಬೇಡಿ.

* ಡಬ್ಬಿಯ ಬೆರ್ರಿ ತಂದರೆ ತೊಳೆದು ಫ್ರಿಜ್‌ನಲ್ಲಿ ಇಡಬೇಡಿ, ಬೇಗ ಬೂಸ್ಟು ಹಿಡಿಯುತ್ತದೆ. ತಿನ್ನುವ ಮುಂಚೆ ತೊಳೆದರೆ ಸಾಕು.

ಕುಂಡದಲ್ಲೂ ಬೆಳೆಯಿರಿ

ಬಾಲ್ಕನಿ ಇದ್ದರೆ ಹಿಪ್ಪುನೇರಳೆಯಿಂದ ಶುರುಮಾಡಿ. ಮೂರ್ನಾಲ್ಕು ಕಣ್ಣಿರುವ, ಪೆನ್ಸಿಲ್ ದಪ್ಪದ ಕಡ್ಡಿಯನ್ನು ದೊಡ್ಡ ಕುಂಡದಲ್ಲಿ ಊರಿ. ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಹೊಸ ಚಿಗುರಿನಲ್ಲೇ ಹಣ್ಣು ಬರುವುದರಿಂದ ಆಗಾಗ ಸವರುತ್ತಿರಿ. ಕಾಕಿಹಣ್ಣಿನ ಗಿಡವಂತೂ ಬೀಜ ಉದುರಿಸಿದರೆ ಸಾಕು, ತಾನಾಗೇ ಬರುತ್ತದೆ. ಸೊಪ್ಪು ಸಾರಿಗೆ, ಹಣ್ಣು ಮಕ್ಕಳಿಗೆ. ಕವಳೆ ಬೀಜ ಒಣಗಿದರೆ ಹುಟ್ಟುವುದು ಕಷ್ಟ, ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿ. ಎರಡು ಮೂರು ವರ್ಷ ತಾಳ್ಮೆಯೂ ಇರಲಿ. ಸ್ಟ್ರಾಬೆರ್ರಿ ತಂಪು ಬಯಸುವ ಗಿಡ. ಮಹಾಬಲೇಶ್ವರದ ಹವೆ ನಮ್ಮ ಬಯಲುಸೀಮೆಗೆ ಎಲ್ಲಿಂದ ಬರಬೇಕು?

ಇದು ನೆನಪಿರಲಿ

ಕಾಕಿಹಣ್ಣು ಪೂರ್ತಿ ಕಪ್ಪಗಾಗಿ ಮೆತ್ತಗಾದ ಮೇಲಷ್ಟೇ ತಿನ್ನಬೇಕು, ಹಸಿರು ಕಾಯಿ ವಿಷ. ಗುರುತಿಲ್ಲದ ಕಾಡುಹಣ್ಣನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಚಿಕ್ಕ ಮಕ್ಕಳಿಗೆ ಬಾರೆ, ನೇರಳೆ ಕೊಡುವಾಗ ಬೀಜ ತೆಗೆದೇ ಕೊಡಿ, ಗಂಟಲಿಗೆ ಸಿಕ್ಕಿಕೊಂಡೀತು.

ಮುಂದಿನ ಸಲ ಬುಟ್ಟಿಯ ಅಜ್ಜಿ ಕಂಡರೆ ಚೌಕಾಸಿ ಮಾಡದೆ ಒಂದು ಪಾವು ಕೊಂಡುಕೊಳ್ಳಿ. ಒಂದೆರಡು ಕವಳೆ ಸಸಿ ಬೆಳೆಸಿ, ಮಳೆಗಾಲಕ್ಕೆ ತವರಿಗೆ ಹೋಗುವಾಗ ಒಯ್ಯಿರಿ. ಅಣ್ಣತಮ್ಮಂದಿರ ತೋಟದ ತಂತಿಬೇಲಿ ಪಕ್ಕದಲ್ಲಿ ಅವಕ್ಕೆ ಖಂಡಿತ ಜಾಗ ಸಿಗುತ್ತದೆ!