ಜೀವಾಣು ಗೊಬ್ಬರ ಮತ್ತು ಗೋಬರ್ ಅನಿಲ ಘಟಕ: ಬ್ಯಾಕ್ಟೀರಿಯಾ ಹಾಗೂ ಆರ್ಕಿಯಾ ಕೋಶಗಳ ರಚನೆ ಮತ್ತು ಕಾರ್ಯ

ಬಿತ್ತನೆ ಬೀಜಕ್ಕೆ ಲೇಪಿಸುವ ರೈಜೋಬಿಯಂ, ಮಣ್ಣಿನ ರಂಜಕವನ್ನು ಕರಗಿಸುವ ಬ್ಯಾಸಿಲಸ್ ಮತ್ತು ಗೋಬರ್ ಅನಿಲ ಘಟಕದಲ್ಲಿ ಮೀಥೇನ್ ಉತ್ಪಾದಿಸುವ ಆರ್ಕಿಯಾ, ಈ ಮೂರೂ ಏಕಕೋಶ ಜೀವಿಗಳು. ಜೀವಾಣು ಗೊಬ್ಬರದಲ್ಲಿ ನೀವು ಹಣ ಕೊಟ್ಟು ಕೊಳ್ಳುವುದು ಜೀವಂತ ಕೋಶಗಳನ್ನೇ. ಆದರೆ ಕೋಶಗಳು ಸತ್ತ ಪೊಟ್ಟಣವೂ ಜೀವಂತವಾಗಿರುವ ಪೊಟ್ಟಣವೂ ನೋಡಲು ಒಂದೇ ರೀತಿ ಇರುತ್ತವೆ. ಆದ್ದರಿಂದ ಕೋಶದ ರಚನೆಯನ್ನು ಅರಿತರೆ ಅದನ್ನು ಉಳಿಸಿ ಬಳಸುವ ಕ್ರಮವೂ ಸ್ಪಷ್ಟವಾಗುತ್ತದೆ.

ಕೋಶದ ಸಾಮಾನ್ಯ ರಚನೆ

ದುಂಡಾಣು ಎಂದೂ ಕರೆಯಲಾಗುವ ಬ್ಯಾಕ್ಟೀರಿಯಾದ ಕೋಶವು ಸಾಮಾನ್ಯವಾಗಿ 1ರಿಂದ 2 ಮೈಕ್ರೋಮೀಟರ್ ಉದ್ದವಿರುತ್ತದೆ. ಸಸ್ಯ ಮತ್ತು ಪ್ರಾಣಿಗಳ ಕೋಶದಲ್ಲಿರುವಂತೆ ಇದರಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲ. ವಂಶವಾಹಿಗಳನ್ನು ಹೊತ್ತ ಡಿಎನ್‌ಎ ಕೋಶರಸದಲ್ಲಿಯೇ ಸುರುಳಿಯಾಗಿ ಅಡಗಿರುತ್ತದೆ. ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳು ಕೆಲವು ಹೆಚ್ಚುವರಿ ಗುಣಗಳನ್ನು ಹೊತ್ತಿರುತ್ತವೆ. ರೈಬೋಸೋಮ್‌ಗಳು ಪ್ರೋಟೀನ್ ತಯಾರಿಸುತ್ತವೆ. ಹಲವು ಪ್ರಭೇದಗಳು ಚಾವಟಿಯಂತಹ ಕಶಾಂಗದ ನೆರವಿನಿಂದ ಮಣ್ಣಿನ ತೇವದಲ್ಲಿ ಬೇರಿನತ್ತ ಚಲಿಸುತ್ತವೆ.

ಕೋಶರಸವನ್ನು ಸುತ್ತುವರಿದ ತೆಳುವಾದ ಕೋಶಪೊರೆಯು ಆಹಾರ ಮತ್ತು ಲವಣಗಳ ಒಳಹೊರಗಿನ ಸಂಚಾರವನ್ನು ನಿಯಂತ್ರಿಸುತ್ತದೆ. ನೀರು ಮಾತ್ರ ಇದರ ಮೂಲಕ ಸುಲಭವಾಗಿ ಹಾದುಹೋಗುತ್ತದೆ. ಸುತ್ತಲೂ ಲವಣ ಸಾಂದ್ರವಾಗಿದ್ದರೆ ಕೋಶದೊಳಗಿನ ನೀರು ಹೊರಕ್ಕೆ ಹರಿದು ಕೋಶ ಬಾಡುತ್ತದೆ. ಜೀವಾಣು ಗೊಬ್ಬರವನ್ನು ಯೂರಿಯಾ, ಪೊಟ್ಯಾಷ್ ಮುಂತಾದವುಗಳೊಡನೆ ಬೆರೆಸಬಾರದೆನ್ನಲು ಇದೇ ಕಾರಣ.

ಕೋಶಭಿತ್ತಿ ಮತ್ತು ಬೀಜಕ

ಪೊರೆಯ ಹೊರಗಿರುವ ಕೋಶಭಿತ್ತಿಯು ಕೋಶಕ್ಕೆ ಆಕಾರ ಮತ್ತು ಬಲ ನೀಡುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಇದು ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನಿಂದಾಗಿದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಬಣ್ಣ ಲೇಪನ ವಿಧಾನದಿಂದ ಇವುಗಳಲ್ಲಿ ಎರಡು ಗುಂಪುಗಳನ್ನು ಗುರುತಿಸಬಹುದು. ದಪ್ಪ ಭಿತ್ತಿಯ ಬ್ಯಾಸಿಲಸ್ ಗ್ರಾಂ ಧನಾತ್ಮಕ. ತೆಳು ಭಿತ್ತಿಯ ಹೊರಗೆ ಮತ್ತೊಂದು ಪೊರೆ ಹೊಂದಿರುವ ರೈಜೋಬಿಯಂ ಗ್ರಾಂ ಋಣಾತ್ಮಕ.

ಬಳಕೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ. ಆಹಾರ ಅಥವಾ ತೇವ ಕಡಿಮೆಯಾದಾಗ ಬ್ಯಾಸಿಲಸ್ ಗಟ್ಟಿ ಕವಚದ ಬೀಜಕವನ್ನು ರೂಪಿಸಿಕೊಂಡು ಶಾಖ ಮತ್ತು ಶುಷ್ಕತೆಯನ್ನು ದೀರ್ಘಕಾಲ ತಾಳಿಕೊಳ್ಳುತ್ತದೆ. ರೈಜೋಬಿಯಂ ಬೀಜಕ ರೂಪಿಸುವುದಿಲ್ಲ. ಬಿಸಿಲಿಗೆ ಇಟ್ಟ ರೈಜೋಬಿಯಂ ಪೊಟ್ಟಣದಲ್ಲಿ ಕೋಶಗಳು ಬೇಗನೆ ಸಾಯುತ್ತವೆ.

ಬೇರಿನ ಗಂಟಿನಲ್ಲಿ ನಡೆಯುವ ಕಾರ್ಯ

ತೊಗರಿ, ಶೇಂಗಾ, ಸೋಯಾ ಅವರೆಯಂತಹ ದ್ವಿದಳ ಬೆಳೆಗಳ ಬೇರಿನಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಗಂಟುಗಳನ್ನು ಉಂಟುಮಾಡುತ್ತವೆ. ಅಲ್ಲಿ ನೈಟ್ರೋಜಿನೇಸ್ ಎಂಬ ಕಿಣ್ವವು ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಪರಿವರ್ತಿಸುತ್ತದೆ. ಈ ಕಿಣ್ವ ಆಮ್ಲಜನಕದಿಂದ ನಾಶವಾಗುತ್ತದೆ. ಗಂಟಿನಲ್ಲಿರುವ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು ಅದನ್ನು ಕಾಪಾಡುತ್ತದೆ. ಹೂ ಬಿಡುವ ಹಂತದಲ್ಲಿ ಒಂದೆರಡು ಗಿಡಗಳನ್ನು ಬೇರುಸಹಿತ ಅಗೆದು ಗಂಟನ್ನು ಕತ್ತರಿಸಿ ನೋಡಿರಿ. ಒಳಭಾಗ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ ಎಂದು ತಿಳಿಯಬಹುದು.

ಆರ್ಕಿಯಾ: ಬೇರೆಯೇ ಒಂದು ವರ್ಗ

ಮೀಥೇನ್ ಉತ್ಪಾದಕ ಜೀವಿಗಳನ್ನು ಬಹುಕಾಲ ಬ್ಯಾಕ್ಟೀರಿಯಾ ಎಂದೇ ಭಾವಿಸಲಾಗಿತ್ತು. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ರೈಬೋಸೋಮಿನ ಆರ್‌ಎನ್‌ಎ ಹೋಲಿಕೆಯ ಆಧಾರದ ಮೇಲೆ ಇವು ಪ್ರತ್ಯೇಕ ವರ್ಗವೆಂದು ತೋರಿಸಿದರು. ಆರ್ಕಿಯಾದಲ್ಲಿಯೂ ಕೋಶಕೇಂದ್ರವಿಲ್ಲ. ಆದರೆ ಅದರ ಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್ ಇರುವುದಿಲ್ಲ. ಪೊರೆಯ ಕೊಬ್ಬಿನ ರಚನೆಯೂ ಭಿನ್ನವಾಗಿದೆ.

ಗೋಬರ್ ಅನಿಲ ಘಟಕದಲ್ಲಿ ಈ ಎರಡೂ ವರ್ಗಗಳು ಜೊತೆಯಾಗಿ ದುಡಿಯುತ್ತವೆ. ಬ್ಯಾಕ್ಟೀರಿಯಾಗಳು ಸಗಣಿಯನ್ನು ವಿಘಟಿಸಿ ಆಮ್ಲ, ಜಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ಒದಗಿಸಿದರೆ, ಆರ್ಕಿಯಾಗಳು ಅವುಗಳಿಂದ ಮೀಥೇನ್ ತಯಾರಿಸುತ್ತವೆ. ಇವು ಆಮ್ಲಜನಕವನ್ನು ಸಹಿಸವು ಮತ್ತು ನಿಧಾನವಾಗಿ ವೃದ್ಧಿಯಾಗುತ್ತವೆ. ಅಡುಗೆಮನೆಯ ತ್ಯಾಜ್ಯವನ್ನು ಒಮ್ಮೆಲೇ ಹೆಚ್ಚಾಗಿ ಸುರಿದರೆ ಆಮ್ಲ ಶೇಖರಗೊಂಡು ಆರ್ಕಿಯಾದ ಕೆಲಸ ಕುಂಠಿತವಾಗುತ್ತದೆ. ಆಗ ಬರುವ ಅನಿಲ ಸರಿಯಾಗಿ ಉರಿಯುವುದಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಭಿತ್ತಿಯ ನಿರ್ಮಾಣವನ್ನು ತಡೆಯುವ ಔಷಧ. ಆರ್ಕಿಯಾದಲ್ಲಿ ಆ ಭಿತ್ತಿಯೇ ಇಲ್ಲವಾದರೂ ಅದಕ್ಕೆ ಆಹಾರ ಒದಗಿಸುವ ಬ್ಯಾಕ್ಟೀರಿಯಾಗಳು ಸತ್ತರೆ ಅನಿಲ ಕಡಿಮೆಯಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

• ಪೊಟ್ಟಣದ ಮೇಲೆ ಬೆಳೆಯ ಹೆಸರು ಮತ್ತು ಬಳಕೆಯ ಕೊನೆಯ ದಿನಾಂಕವನ್ನು ಪರಿಶೀಲಿಸಿರಿ. ನಿಯಮದಂತೆ ಪುಡಿ ರೂಪದ ರೈಜೋಬಿಯಂನಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು.
• ಪೊಟ್ಟಣವನ್ನು ತಂಪಾದ, ನೆರಳಿರುವ ಸ್ಥಳದಲ್ಲಿಡಿರಿ. ಗೊಬ್ಬರ ಮತ್ತು ಪೀಡೆನಾಶಕಗಳಿಂದ ದೂರವಿರಲಿ.
• ಲೇಪನಕ್ಕೆ ಬಳಸುವ ಬೆಲ್ಲದ ಪಾಕ ಸಂಪೂರ್ಣ ತಣ್ಣಗಾಗಿರಲಿ.
• ಬೀಜೋಪಚಾರದಲ್ಲಿ ಮೊದಲು ಶಿಲೀಂಧ್ರನಾಶಕ, ಅನಂತರ ಕೀಟನಾಶಕ, ಕೊನೆಯಲ್ಲಿ ರೈಜೋಬಿಯಂ ಲೇಪಿಸಿರಿ. ಬೀಜವನ್ನು ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿರಿ.
• ಅನಿಲ ಘಟಕಕ್ಕೆ ಸಗಣಿ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಪ್ರತಿದಿನ ಹಾಕಿರಿ. ಫಿನಾಯಿಲ್, ಬ್ಲೀಚಿಂಗ್ ಪುಡಿ ಬೆರೆತ ಕೊಟ್ಟಿಗೆಯ ನೀರು ಒಳಸೇರದಿರಲಿ. ಆಂಟಿಬಯಾಟಿಕ್ ಚಿಕಿತ್ಸೆಯಲ್ಲಿರುವ ರಾಸಿನ ಸಗಣಿಯನ್ನು ಬೇರೆಯಾಗಿರಿಸಿರಿ.
• ಅನಿಲ ಉರಿಯದಿದ್ದಲ್ಲಿ ಕೆಲವು ದಿನ ಹೊಸ ತ್ಯಾಜ್ಯ ನಿಲ್ಲಿಸಿ, ಚೆನ್ನಾಗಿ ನಡೆಯುತ್ತಿರುವ ಘಟಕದ ಬಗ್ಗಡವನ್ನು ಸೇರಿಸಿರಿ. ಅದರಲ್ಲಿರುವ ಜೀವಂತ ಆರ್ಕಿಯಾಗಳೇ ನಿಮ್ಮ ಘಟಕಕ್ಕೆ ಹೆಪ್ಪು.