ಮಂದಗಿವಿಗೆ ಸುಲಭೋಪಾಯಗಳು

ಮುಪ್ಪಿನೊಡನೆ ಬರುವ ಕುಂದುಗಳಲ್ಲಿ ಕಿವಿಯ ಮಂದತೆಯೂ ಒಂದು. ಕಣ್ಣು ಮಂಜಾದವರಿಗೆ ಮನೆಯವರು ಕೂಡಲೆ ಕೈಹಿಡಿದು ನೆರವಾಗುತ್ತಾರೆ. ಕಿವಿ ಮಂದವಾದವರನ್ನಾದರೋ ಮಾತುಕತೆಯಿಂದಲೇ ದೂರವಿಡುವುದುಂಟು. ಶ್ರವಣದೋಷಗಳ ಚಿಕಿತ್ಸೆಗೆ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಆದರೆ ರಾಜ್ಯದ ಈಶಾನ್ಯ ಭಾಗದ ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗರಿಗೆ ಮೈಸೂರು ಬಹುದೂರ. ಆದುದರಿಂದ ಮನೆಯಲ್ಲಿ ಮಾಡಬಹುದಾದುದು ಯಾವುದು, ಮಾಡಬಾರದುದು ಯಾವುದು ಎಂಬುದನ್ನು ಎಲ್ಲರೂ ಅರಿತಿರಬೇಕು.

ಹೊರಗಿವಿಯು ಶಬ್ದದ ಅಲೆಗಳನ್ನು ಸಂಗ್ರಹಿಸಿ ಒಳಕ್ಕೆ ಕಳುಹಿಸುತ್ತದೆ. ಅವು ತಾಗಿದಾಗ ಕಿವಿಯ ತಮಟೆ ಕಂಪಿಸುತ್ತದೆ. ಆ ಕಂಪನವನ್ನು ಮೂರು ಕಿರುಮೂಳೆಗಳು ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿಂದ ನರದ ಮೂಲಕ ಸಂದೇಶವು ಮಿದುಳನ್ನು ಸೇರುತ್ತದೆ. ಒಳಗಿವಿಯ ಸೂಕ್ಷ್ಮಕೋಶಗಳು ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ಆದರೆ ಕಿವಿಗೆ ತಲುಪುವ ಶಬ್ದವನ್ನು ಹೆಚ್ಚಿಸಲು ಸಾಧ್ಯವಿದೆ.

ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಕಿವಿಯ ಹಿಂದಿಟ್ಟರೆ ಹೆಚ್ಚು ಶಬ್ದ ಒಳಸೇರುತ್ತದೆ. ದಪ್ಪ ಕಾಗದವನ್ನು ಆಲಿಕೆಯಂತೆ ಸುತ್ತಿ, ಅದರ ಕಿರಿದಾದ ತುದಿಯನ್ನು ಕಿವಿಯ ಬಳಿ ಹಿಡಿದರೂ ಇದೇ ಫಲ ದೊರೆಯುತ್ತದೆ. ವೈದ್ಯರ ಸ್ಟೆತಾಸ್ಕೋಪನ್ನು ಕೇಳುವವರ ಕಿವಿಗೆ ತೊಡಿಸಿ, ಅದರ ಇನ್ನೊಂದು ತುದಿಯಲ್ಲಿ ಮೆಲ್ಲನೆ ಮಾತನಾಡುವ ಕ್ರಮವೂ ಉಂಟು. ಬಯಲಿನಲ್ಲಿ ಮಾತನಾಡುವವರ ದೂರವು ಅರ್ಧಕ್ಕಿಳಿದರೆ ಶಬ್ದದ ಮಟ್ಟವು ಸುಮಾರು 6 ಡೆಸಿಬಲ್‌ನಷ್ಟು ಏರುತ್ತದೆ. ಆದುದರಿಂದ ದೂರದಿಂದ ಕೂಗುವುದಕ್ಕಿಂತ ಹತ್ತಿರ ಕುಳಿತು, ಮುಖ ಕಾಣುವಂತೆ ಬೆಳಕಿನಲ್ಲಿ, ನಿಧಾನವಾಗಿ ಮಾತನಾಡುವುದು ಮೇಲು. ಕಲ್ಲಿನ ಗೋಡೆಗಳ ಮನೆಯಲ್ಲಿ ಮಾತು ಮಾರ್ದನಿಗೊಂಡು ಕಲಸಿಹೋಗುತ್ತದೆ. ಗೋಡೆಗೆ ಒಂದೆರಡು ಕೌದಿಗಳನ್ನು ತೂಗುಹಾಕಿದರೆ ಅದು ತಗ್ಗುತ್ತದೆ.

ಇವೆಲ್ಲ ಕಿವಿಯ ಹೊರಗಿನ ಉಪಾಯಗಳು. ಕಿವಿಯ ಒಳಗಿನ ಪ್ರಯೋಗಗಳು ಅಪಾಯಕರ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಹೊಯ್ದರೆ ಕಿವಿ ಸುಡಬಹುದು. ಬೆಂಕಿಕಡ್ಡಿ, ಪಿನ್ನುಗಳಿಂದ ಕೆದಕಿದರೆ ಗುಗ್ಗೆ ಇನ್ನಷ್ಟು ಒಳಸೇರುತ್ತದೆ, ತಮಟೆಯೂ ಹರಿಯಬಹುದು. ಗುಗ್ಗೆಯೇ ಅಡ್ಡಿಯಾಗಿದ್ದರೆ ವೈದ್ಯರು ಅದನ್ನು ತೆಗೆದೊಡನೆ ಕಿವಿ ಕೇಳಿಸತೊಡಗುತ್ತದೆ. ಕೀವು ಸೋರಿದರೆ ಅಥವಾ ಹಠಾತ್ತನೆ ಕಿವಿ ಕೇಳಿಸದಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆಯೂ ಶಹಾಪುರ, ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಇವೆ.

ಅಗ್ಗದ ಶ್ರವಣಸಾಧನಗಳ ಶೋಧವೂ ನಡೆದಿದೆ. ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಿದರೆ ಬಿಡಿಭಾಗಗಳಿಗೆ ಒಂದು ಡಾಲರಿಗಿಂತ ಕಡಿಮೆ ತಗಲುವ ಸಾಧನದ ವಿನ್ಯಾಸವನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಭಾರತ ಸರ್ಕಾರದ ಎಡಿಐಪಿ ಯೋಜನೆಯು 1981ರಿಂದ ಅರ್ಹರಾದ ಬಡವರಿಗೆ ಶ್ರವಣಸಾಧನಗಳನ್ನು ಒದಗಿಸುತ್ತಿದೆ. ಅದು ಕೈಸೇರುವವರೆಗೆ ಹಿರಿಯರನ್ನು ಮೌನದಲ್ಲಿ ಕೂರಿಸಬೇಕಾಗಿಲ್ಲ. ಹತ್ತಿರ ಕುಳಿತು ಮಾತನಾಡಿಸುವುದಕ್ಕೆ ಹಣ ಬೇಕಿಲ್ಲ.